ಮೂರನೇ ಕೂಗು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅತ್ತಿಗೆ ನಾಲ್ಕು ವರ್ಷ ತವರಿನ ಮುಖ ಕಾಣದೆ ಉಳಿದದ್ದು ನನ್ನಿಂದ. ನಮ್ಮವ್ವ ಅದಕ್ಕೆ ಶನಿಯನ್ನೂ ರಾಹುವನ್ನೂ ಓಣಿಯವರ ಕೆಟ್ಟ ಕಣ್ಣನ್ನೂ ಹೊಣೆ ಮಾಡುತ್ತಿದ್ದಳು. ಪಾಪ, ಅವರದೇನೂ ತಪ್ಪಿರಲಿಲ್ಲ. ತಪ್ಪು ನನ್ನ ನಾಲಿಗೆಯದು, ಮತ್ತು ಆ ನಾಲಿಗೆಯನ್ನು ಬಾಯಲ್ಲಿಟ್ಟುಕೊಂಡು ಊರೆಲ್ಲ ಓಡಾಡುತ್ತಿದ್ದ ಮೂರ್ಖನದು.

ನನಗೆ ಅಣಕಿಸುವ ಚಟ. ಯಾರಾದರೂ ಎರಡು ಮಾತಾಡಿದರೆ ಮೂರನೆಯದನ್ನು ಅವರ ದನಿಯಲ್ಲೇ ನಾನು ಆಡಬಲ್ಲೆ. ಆದೋನಿಯ ಹತ್ತಿ ಜಿನ್ನಿನ ಮುಂದೆ ಗಾಡಿಯವರನ್ನು ಗದರಿಸುವ ಕಾವಲುಗಾರ, ಮೂಗಿನಲ್ಲಿ ಪದ್ಯ ಹೇಳುವ ತೆಲುಗು ಮೇಷ್ಟ್ರು, ಗಿರಾಕಿ ಹೋದ ಮೇಲೆ ಗೊಣಗುವ ಅತ್ತರಿನ ಸಾಬರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ಇದ್ದರು. ಅಪ್ಪ ಮನೆಗೆ ಬರುವಾಗ ಬಾಗಿಲಲ್ಲಿ ಒಂದು ಕೆಮ್ಮು ಕೆಮ್ಮುತ್ತಿದ್ದ. ಅದನ್ನು ನಾನು ಕೆಮ್ಮಿದರೆ ಅಡಿಗೆಮನೆಯಲ್ಲಿ ಹರಟುತ್ತಿದ್ದ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಉರಿಯುತ್ತಿದ್ದ ಒಲೆಯನ್ನೇ ಊದತೊಡಗುತ್ತಿದ್ದರು. ಇಷ್ಟು ದನಿಗಳ ನಡುವೆ ನನ್ನದೇ ಅಂತ ಒಂದು ದನಿ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಇದ್ದರೆ ಅದು ಎಣ್ಣೆ ಕಾಣದ ಗಾಲಿಯ ಹಾಗಿದೆ ಎಂದು ಅಣ್ಣ ಹೇಳುತ್ತಾನೆ.

ಅಣ್ಣನ ಮದುವೆಯಾದ ವರ್ಷ. ಅತ್ತಿಗೆ ಹೊಳೆಯಾಚೆಯವಳು, ತುಂಗಭದ್ರೆಯ ಉತ್ತರದ ದಂಡೆಯ ರಾಯಚೂರು ಸೀಮೆಯವಳು. ನಮ್ಮಲ್ಲಿ ಮದುವೆಯಾದ ಮಗಳನ್ನು ಪಂಚಮಿ ಹಬ್ಬಕ್ಕೆ ತವರಿನವರು ಬಂದು ಕರೆಯಬೇಕು. ಕರೆಯಲು ಬರುವುದು ಅವರ ಮರ್ಯಾದೆ, ಕರೆಯದೆ ಹೋಗದಿರುವುದು ಮಗಳ ಮರ್ಯಾದೆ, ಕರೆದ ಮೇಲೆ ಕಳಿಸುವುದು ಗಂಡನ ಮನೆಯವರ ಮರ್ಯಾದೆ. ಈ ಮರ್ಯಾದೆಗಳು ಜೋಳದ ಸೂಡುಗಳಂತೆ ಒಂದಕ್ಕೊಂದು ಆತು ನಿಂತಿರುತ್ತವೆ. ಒಂದನ್ನು ಎಳೆದರೆ ಎಲ್ಲ ಬೀಳುತ್ತವೆ. ನಾನು ಎಳೆದೆ.

ಕರೆಯಲು ಬಂದವನು ಅತ್ತಿಗೆಯ ಅಪ್ಪ. ಈ ದಂಡೆಯಿಂದ ಆ ದಂಡೆಗೆ ಕೇಳುವಂತೆ ಮಾತಾಡಿ ರೂಢಿಯಾದ ಮನುಷ್ಯ. ಪಕ್ಕದಲ್ಲಿ ಕೂತವರನ್ನೂ ಹೊಳೆಯಾಚೆಯವರೆಂದೇ ತಿಳಿದು ಕೂಗುತ್ತಿದ್ದ. ಪ್ರತಿ ಮಾತಿನ ಕೊನೆಗೆ "ಹೌದಲ್ಲೇನು?" ಎಂದು ತಾನೇ ಕೇಳಿ, "ಹೌದು" ಎಂದು ತಾನೇ ಒಪ್ಪಿಕೊಳ್ಳುವ ಅಭ್ಯಾಸ ಬೇರೆ. ಮಗಳನ್ನು ಕರೆಯುವುದು ನಮ್ಮವ್ವ ಎಂದು. ಇಂಥ ಮಾವ ಸಿಕ್ಕರೆ ನನ್ನಂಥವನಿಗೆ ಹಬ್ಬಕ್ಕೆ ಮುಂಚೆಯೇ ಹಬ್ಬ. ಆತ ಹಿತ್ತಲಿಗೆ ಕಾಲು ತೊಳೆಯಲು ಹೋದದ್ದೇ ತಡ, ನಾನು ಪಡಸಾಲೆಯಲ್ಲಿ ಅವನಂತೆ ತಲೆಗೆ ಟವಲು ಸುತ್ತಿಕೊಂಡು ನಿಂತೆ.

"ನಮ್ಮವ್ವನ್ನ ಕರಿಯಾಕ ಬಂದೀನಿ. ಹೌದಲ್ಲೇನು? ಹೌದು. ಉಂಡಿ ತಂದೀನಿ. ಹೌದಲ್ಲೇನು? ದಾರ್ಯಾಗ ನಾನ ಎಲ್ಡು ತಿಂದೀನಿ. ಹೌದು."

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಹುಡುಗರು ನೆಲಕ್ಕೆ ಬಿದ್ದು ಉರುಳಿದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತಿಗೆ. ಆಮೇಲೆ ನಗು ಒಂದು ಕಡೆಯಿಂದ ನಿಲ್ಲುತ್ತ ಬಂತು. ಹಿತ್ತಲ ಬಾಗಿಲಲ್ಲಿ ಆತ ನಿಂತಿದ್ದ. ಕಾಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದ. ಹಬ್ಬದ ಉಂಡಿಯ ಚೀಲವನ್ನು ಕಂಬದ ಬುಡಕ್ಕಿಟ್ಟು, ಒದ್ದೆ ಕಾಲಿಗೇ ಚಪ್ಪಲಿ ಮೆಟ್ಟಿಕೊಂಡು, ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋದ. ನನ್ನ ಅಣಕವನ್ನು ಆತ ನುಂಗಿಕೊಳ್ಳುತ್ತಿದ್ದನೇನೋ. ಮಗಳ ನಗುವನ್ನು ನುಂಗಲು ಆಗಲಿಲ್ಲ.

ಸಂಜೆ ನನ್ನ ಬೆನ್ನಿನ ಮೇಲೆ ಅಪ್ಪ ತನ್ನ ಕೆಲಸ ಮುಗಿಸಿದ ಮೇಲೆ ತೀರ್ಪು ಹೇಳಿದ. "ಹುಡುಗ್ರು ಆಡತಾವ, ಬಡದೀನಿ, ಮುಗೀತು. ಆದ್ರ ಕರಿಯಾಕ ಬಂದಾಂವ ಕರೀದ ಹೋದ. ಇನ್ನ ಅವನ ಬಾಯಿಲೆ ಬಾ ಅನ್ನೋತನ ಸೊಸಿ ತವರಿನ ದಾರಿ ಹಿಡಿಯಂಗಿಲ್ಲ."

ತಿಂಗಳೊಪ್ಪತ್ತಿಗೆ ಕುರಿ ವ್ಯಾಪಾರದವನೊಬ್ಬ ಆ ಕಡೆಯ ಮಾತು ತಂದ. "ನನ್ನ ಮಗಳು ಅಲ್ಲೇ ನಕ್ಕೊಂತ ಅದಾಳ. ಇರಲಿ."

ಇಷ್ಟೇ. ಇಬ್ಬರು ಹಿರಿಯರೂ ತಮ್ಮ ತಮ್ಮ ಮಾತಿನ ಮೇಲೆ ಕುಳಿತರು. ಅಣ್ಣ ರೈಲ್ವೆಯ ನೌಕರ, ದಿನಕ್ಕೆ ಹತ್ತು ಗಾಡಿಗೆ ಹಸಿರು ಬಾವುಟ ತೋರಿಸುವವ. ಅಪ್ಪನಿಗೆ ಮಾತ್ರ ಯಾವ ಬಾವುಟವನ್ನೂ ತೋರಿಸಲಾರದೆ ಹೋದ.

ಅತ್ತಿಗೆ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಅಣಕಿಸಿ ನಗಿಸಬಹುದಿತ್ತು. ಹೊಳೆಯ ದಾರಿಯ ಕೋಸಿಗಿ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರು ನಮ್ಮ ಓಣಿ ಹಾಯ್ದು ಹೋಗುತ್ತಿದ್ದರು. ಆಕೆ ಬಾಗಿಲಲ್ಲಿ ನಿಂತು ಕೇಳುವಳು, "ಹೊಳಿ ಎಷ್ಟೈತಿ, ಅಣ್ಣಾ?"

"ಮಣಕಾಲಮಟ ಐತಿ ತಂಗೀ" ಎಂದು ಒಬ್ಬ, "ತುಂಬಿ ನಿಂತೈತಿ ಬೇ" ಎಂದು ಇನ್ನೊಬ್ಬ. ಆಕೆ ತಲೆಯಾಡಿಸಿ ಒಳಗೆ ಬರುವಳು. ಊರು, ಮನೆ, ಅಪ್ಪ, ಅವ್ವ ಯಾವುದನ್ನೂ ಕೇಳುತ್ತಿರಲಿಲ್ಲ. ನೀರನ್ನಷ್ಟೇ ಕೇಳುವಳು. ನೀರಿನ ಲೆಕ್ಕದಲ್ಲಿ ಆಚೆ ದಂಡೆ ಹೇಗಿರಬಹುದೆಂದು ಅವಳಿಗೆ ಗೊತ್ತಾಗುತ್ತಿತ್ತೋ ಏನೋ.

ಮೂರನೇ ವರ್ಷದ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕೂತವಳು, "ನಮ್ಮಪ್ಪನಂಗ ಮಾತಾಡು" ಅಂದಳು.

"ಯಾಕ ಅತ್ತಿಗೀ, ಇನ್ನೊಮ್ಮೆ ಬಡಸಬೇಕಂತ ಮಾಡೀಯೇನು?"

"ಮನಿಯಾಗ ಯಾರಿಲ್ಲ. ಮಾತಾಡು."

ಆ ದನಿಯನ್ನು ನಾನು ಮೂರು ವರ್ಷದಿಂದ ಮುಟ್ಟಿರಲಿಲ್ಲ. ತುಕ್ಕು ಹಿಡಿದಿರುತ್ತದೆ ಅಂದುಕೊಂಡಿದ್ದೆ. ಹಿಡಿದಿರಲಿಲ್ಲ. "ಬಿಸಲು ಬಾಳ ಐತಿ ನಮ್ಮವ್ವಾ" ಅಂದೆ. ಅತ್ತಿಗೆಯ ಕೈ ನಿಂತಿತು. ಮುಖ ಒಲೆಯ ಕಡೆ ಇತ್ತು. "ಹೌದಲ್ಲೇನು?" ಅಂದೆ. ಉತ್ತರವನ್ನು ನಾನು ಹೇಳುವ ಮೊದಲೇ ಆಕೆ ಮೆಲ್ಲಗೆ "ಹೌದು" ಅಂದಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಅದನ್ನು ಅವತ್ತು ನಾನೇ ತಿಂದೆ.

ಆ ಮೇಲೆ ಅದೊಂದು ಗುಟ್ಟಿನ ವಾಡಿಕೆಯಾಯಿತು. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ಮನೆಯಲ್ಲಿ ಯಾರೂ ಇಲ್ಲದಾಗ ನಾನು ಆಕೆಯ ಅಪ್ಪನಾಗುತ್ತಿದ್ದೆ. ಜನರನ್ನು ನಗಿಸಲೆಂದು ಕಲಿತ ದನಿಯನ್ನು ಒಬ್ಬರು ಹೀಗೆ ಸುಮ್ಮನೆ ಕೂತು ಕೇಳುವುದನ್ನು ನೋಡುವುದು ಎಷ್ಟು ಕಷ್ಟವೆಂದು ನನಗೆ ಆಗಲೇ ತಿಳಿದದ್ದು.

ಆ ಹೊತ್ತಿಗೆ ನಾನೂ ಹತ್ತಿ ಜಿನ್ನಿನಲ್ಲಿ ತೂಕದ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದೆ. ಅಲ್ಲಿಯ ಹೆಡ್ ಗುಮಾಸ್ತರಿಗೆ ಎಲ್ಲಿಯೋ ಸುದ್ದಿ ಸಿಕ್ಕಿತು. ಮೇಲೆ ಆಣೆಕಟ್ಟು ಆದ ಮೇಲೆ ಬೇಸಿಗೆಯಲ್ಲಿ ಹೊಳೆ ಇಳಿದು, ಮಾಧವರಂ ಹತ್ತಿರ ಎರಡೂ ಕಡೆ ಗುಡ್ಡದಂಥ ಬಂಡೆಗಳ ನಡುವಿನ ದಾರಿ ತೆರೆದುಕೊಂಡಿದೆಯಂತೆ. ಒಬ್ಬ ಅಂಬಿಗ ಅಲ್ಲಲ್ಲಿ ಹರಿಗೋಲಿನಲ್ಲಿ ತೇಲಿಸಿ, ಅಲ್ಲಲ್ಲಿ ನಡೆಸಿ, ಎಲ್ಲ ತೋರಿಸಿಕೊಂಡು ಸಂಜೆಯ ಹೊತ್ತಿಗೆ ಮಂತ್ರಾಲಯದ ಮೆಟ್ಟಿಲಿಗೆ ಬಿಡುತ್ತಾನಂತೆ. "ಒಕ ದಿನಂ ಪನಿ, ಒಂದೇ ದಿನದ ಕೆಲಸ. ಹೋಗಿ ಬರೋಣೇನಯ್ಯಾ?" ಎಂದು ಕೇಳಿದರು. ಅವರು ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವವರು. ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ ನಿಲ್ಲಿಸುವವರು.

ನನ್ನ ಕಿವಿ ನೆಟ್ಟಗಾಯಿತು. ಆ ಬಂಡೆಗಳ ಇಕ್ಕಟ್ಟು ಮುಗಿಯುವಲ್ಲೇ, ಆಚೆ ದಂಡೆಯ ಮರಳಿನಲ್ಲಿ, ಅತ್ತಿಗೆಯ ಅಪ್ಪ ಬೇಸಿಗೆಯಿಡೀ ಕಲ್ಲಂಗಡಿ ಬಳ್ಳಿ ಹಾಕಿ ಗುಡಿಸಲಲ್ಲಿ ಇರುತ್ತಿದ್ದ. ಹೆಡ್ ಗುಮಾಸ್ತರ ಹೆಂಡತಿಗೆ ಜೊತೆ ಬೇಕು ಎಂದು ಅಪ್ಪನಿಗೆ ಹೇಳಿ ಅತ್ತಿಗೆಯನ್ನು ಹೊರಡಿಸಿದೆ. ದೊಡ್ಡವರ ಮಾತು, ಅಪ್ಪ ಇಲ್ಲ ಅನ್ನಲಿಲ್ಲ. "ಈ ದಂಡಿ ಮ್ಯಾಲ ಹೋಗ್ರಿ, ಈ ದಂಡಿ ಮ್ಯಾಲ ಬರ್ರಿ" ಎಂದು ಮಾತ್ರ ಹೇಳಿದ. ಅತ್ತಿಗೆಯೂ ನನ್ನ ಹುನ್ನಾರವನ್ನು ಬಾಗಿಲಲ್ಲೇ ಹಿಡಿದಳು.

"ನೋಡಪಾ, ಅಲ್ಲಿಗೆ ಹ್ವಾದ ಮ್ಯಾಲ ಇಳಿ ಅನಬ್ಯಾಡ. ದೂರಿಂದ ನೋಡತೀನಿ. ಅಪ್ಪ ಕರೀದ ನಾ ಕಾಲಿಡಂಗಿಲ್ಲ."

"ಕರದ್ರ?"

"ಅಂವ ಕರಿಯಂಗಿಲ್ಲ. ನಕ್ಕಾಕಿ ನಾನು."

ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ತುಂಗಭದ್ರಾ ಸ್ಟೇಷನ್ನಿನಲ್ಲಿ ಇಳಿದು, ಎತ್ತಿನ ಗಾಡಿ ಹಿಡಿದು ಹೊಳೆ ಮುಟ್ಟುವಾಗ ಬಿಸಿಲು ಆಗಲೇ ಹೆಗಲ ಮೇಲೆ ಕೂತಿತ್ತು. ಅಂಬಿಗ ಕಾಯುತ್ತಿದ್ದ. ಒಣಗಿದ ಬಾಳೆಕಾಯಿಯಂಥ ಮುದುಕ. ಕಣ್ಣು ಮಾತ್ರ ನೀರಿನ ಮೇಲೆ ಓಡುತ್ತಲೇ ಇತ್ತು. ಬಿದಿರ ಬುಟ್ಟಿಗೆ ಚರ್ಮ ಹೊದಿಸಿದ ಅವನ ಹರಿಗೋಲನ್ನು ನಮ್ಮ ಕಡೆ ಪುಟ್ಟಿ ಅನ್ನುತ್ತಾರೆ. ಹತ್ತಿಸುವ ಮೊದಲು ಕಾನೂನು ಓದಿದ.

"ಚಪ್ಪಲಿ ಬಿಚ್ಚರಿ. ಪುಟ್ಟಿಯಾಗ ನಿಂದ್ರಬ್ಯಾಡ್ರಿ. ನಾ ಇಳಿ ಅಂದಲ್ಲಿ ಇಳೀಬೇಕು, ನಡಿ ಅಂದಲ್ಲಿ ನಡೀಬೇಕು. ಗಂಡಿಯೊಳಗ ಹೊಕ್ಕ ಮ್ಯಾಲ ಯಾರರ ಕೂಗಿದ್ರ ಓಗೊಡಬ್ಯಾಡ್ರಿ."

ಗಂಡಿ ಅಂದರೆ ಆ ಬಂಡೆಗಳ ಇಕ್ಕಟ್ಟು. "ಯಾರು ಕೂಗತಾರ ಅಲ್ಲಿ?" ಎಂದು ಹೆಡ್ ಗುಮಾಸ್ತರು ಕೇಳಿದರು.

"ಬಂಡಿಗಲ್ಲು ಕೂಗತಾವರಿ. ಒಂದು ಕೂಗಿಗೆ ತಿರಗಬಾರದು, ಎಲ್ಡು ಕೂಗಿಗೆ ತಿರಗಬಾರದು. ಮೂರನೇದು ಬಂತಂದ್ರ ಅದು ಮನಿಶಾಂದು. ದಂಡಿ ಮ್ಯಾಲಿಂದ ಮನಿಶಾ ಕೂಗಿದ್ರ ಪುಟ್ಟಿ ಒಯ್ಯಲೇಬೇಕು. ನಮ್ಮ ಹಿರ್‍ಯಾರ ಕಾಲದಿಂದ ಹಂಗ."

ಮುದುಕ ಇದನ್ನು ಹೇಳಿದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ.

ಮೊದಲ ಅರ್ಧ ಮೈಲಿ ನೀರು ನಿಧಾನ. ಹರಿಗೋಲು ತನ್ನ ಸ್ವಭಾವದಂತೆ ಸುತ್ತುತ್ತ ಹೋಗುತ್ತಿತ್ತು. ಒಂದು ಸಲ ನಮ್ಮ ಆಂಧ್ರ ಎದುರಿಗೆ, ಒಂದು ಸಲ ಅತ್ತಿಗೆಯ ಹೈದರಾಬಾದು ಸೀಮೆ ಎದುರಿಗೆ.

"ಏಮಯ್ಯಾ, ಇದು ನದಿನೋ ಗಾಣನೋ?" ಎಂದು ಹೆಡ್ ಗುಮಾಸ್ತರು ಕೊಡೆಯನ್ನು ಬಿಸಿಲಿನ ಕಡೆಗೆ ತಿರುಗಿಸಿ ತಿರುಗಿಸಿ ಸೋತರು.

ಅವರ ಹೆಂಡತಿ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು, "ಮನ್ಯಾಗ ನೀವೂ ಹಿಂಗ ತಿರಗತೀರಿ. ನಾ ಏನರ ಅಂದೀನೇನು?"

ಅಂಬಿಗ ಕೋಲಿನಿಂದ ತೋರಿಸುತ್ತ ಹೋದ. ಈ ಬಂಡೆಯ ಮೇಲಿನ ಬಿಳಿ ಗೆರೆ ಹೋದ ಮಳೆಗಾಲದ ನೀರಿನದು, ಅದರ ಮೇಲಿನದು ಅವನ ಅಪ್ಪನ ಕಾಲದ್ದು. ಆ ಬಿರುಕಿನಲ್ಲಿ ನೀರುನಾಯಿಯ ಸಂಸಾರ. ಅಗೋ ಆ ಮಡುವಿನ ಆಳ ಯಾರೂ ಅಳೆದಿಲ್ಲ, ಅಳೆಯುವುದೂ ಬೇಡ. ಅತ್ತಿಗೆ ಅಂಚಿನಲ್ಲಿ ಕೂತು ನೀರಿನಲ್ಲಿ ಕೈ ಬಿಟ್ಟಿದ್ದಳು. ಬೊಗಸೆಯಲ್ಲಿ ಎತ್ತಿ ಕುಡಿದಳು. ಮತ್ತೆ ಎತ್ತಿ ಕುಡಿದಳು. ಬಾಯಾರಿಕೆಗೆ ಕುಡಿದಂತೆ ಕಾಣಲಿಲ್ಲ.

ನೀರು ಕಲ್ಲುಗಳ ಮೇಲೆ ಒಡೆದು ಬೆಳ್ಳಗಾಗುವಲ್ಲಿ ಅಂಬಿಗ ನಮ್ಮನ್ನು ಇಳಿಸಿದ. ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಮುಂದೆ ನಡೆದ. ಹಿಂದಿನಿಂದ ನೋಡಿದರೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ನಡೆದಂತಿತ್ತು. ನಾನು ತಲೆಯ ಮೇಲೆ ರೊಟ್ಟಿ ಬುಟ್ಟಿ ಬೋರಲು ಹಾಕಿಕೊಂಡು ಅವನ ನಡಿಗೆ ನಡೆದೆ. ಹೆಡ್ ಗುಮಾಸ್ತರ ಹೆಂಡತಿ ಮೊದಲ ಸಲ ನಕ್ಕರು. ಅತ್ತಿಗೆ ನಗಲಿಲ್ಲ. ಆಕೆ ಮುಂದೆ ಮುಂದೆ ಹೋಗುತ್ತಿದ್ದಳು. ಕಾದ ಬಂಡೆಯ ಮೇಲೆ ನಾವೆಲ್ಲ ಬೆಕ್ಕು ಹೆಜ್ಜೆ ಹಾಕುತ್ತಿದ್ದರೆ ಆಕೆಯ ಬರಿಗಾಲಿಗೆ ಎಲ್ಲಿ ತಂಪಿದೆ, ಎಲ್ಲಿ ಪಾಚಿ ಇದೆ ಎಲ್ಲ ಗೊತ್ತಿತ್ತು. ನಮ್ಮ ಮನೆಯಲ್ಲಿ ನಾಲ್ಕು ವರ್ಷ ಬಗ್ಗಿ ನಡೆದ ಹೆಂಗಸು ಇವಳೇ ಏನು ಅನಿಸಿತು. ನೀರು ಕೊರೆದ ಒರಳಿನಂಥ ಒಂದು ಕುಳಿಯ ಮುಂದೆ ನಿಂತಳು. ಒಳಗೆ ಗುಂಡಗಿನ ಕಲ್ಲುಗಳಿದ್ದವು.

"ಸಣ್ಣಾಕಿದ್ದಾಗ ಅಪ್ಪ ಇಂಥದ್ರಾಗ ನನ್ನ ಕೂಡಿಸಿ ನೀರ ಹಾಕತಿದ್ದ" ಅಂದಳು, ನನಗಲ್ಲ, ಕುಳಿಗೆ.

ಇದನ್ನು ಬರೆಯುವ ಈ ಹೊತ್ತಿಗೆ ಅಣ್ಣನಿಗೆ ವರ್ಗವಾಗಿದೆ. ಅತ್ತಿಗೆ ಅವನ ಜೊತೆ ಎಲ್ಲಿಯೋ ದೊಡ್ಡ ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿದ್ದಾಳೆ. ನಮ್ಮ ಅಡಿಗೆಮನೆಯಲ್ಲಿ ಮಧ್ಯಾಹ್ನ ರೊಟ್ಟಿಯ ಸದ್ದು ಇಲ್ಲ. ಆಕೆಯ ದನಿಯನ್ನು ನಾನು ಬೇಕೆಂದರೆ ತೆಗೆಯಬಲ್ಲೆ, ಅಣಕವೆಂದು ಯಾರೂ ಗುರುತು ಹಿಡಿಯಲಾರದಷ್ಟು ಚೆನ್ನಾಗಿ ತೆಗೆಯಬಲ್ಲೆ. ಒಂದೆರಡು ಸಲ ಖಾಲಿ ಮನೆಯಲ್ಲಿ ಬಾಯಿ ತೆರೆದಿದ್ದೂ ಉಂಟು. ಆಗಲಿಲ್ಲ. ಒಬ್ಬರಿಲ್ಲದಾಗ ಅವರ ದನಿ ಕೇಳಬೇಕೆನ್ನುವುದು ಏನೆಂದು ರೊಟ್ಟಿ ಕರಕಾದ ದಿನ ನನಗೆ ಅರ್ಧ ತಿಳಿದಿತ್ತು. ಉಳಿದರ್ಧ ಈಗ.

ಅವತ್ತು ಆ ಕುಳಿ ದಾಟಿ, ನೆರಳಿನಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಮುಗಿಸಿದೆವು. ಹೆಡ್ ಗುಮಾಸ್ತರು ಮಂಡಾಳ ಒಗ್ಗರಣೆಯ ಗಂಟು ಬಿಚ್ಚಿದರೆ ಹಗುರಾದ ಮಂಡಕ್ಕಿಯನ್ನು ಗಾಳಿ ಅರ್ಧ ತಿಂದಿತು. ಅತ್ತಿಗೆ ಒಂದು ತುತ್ತೂ ಮುಟ್ಟಲಿಲ್ಲ. ಮುಂದೆ ಗಂಡಿ. ಎರಡೂ ಕಡೆ ಬಂಡೆಗಳು ತಾಳೆಮರದೆತ್ತರ ನಿಂತು, ಹೊಳೆಯನ್ನು ಕೈಗೆ ಸಿಕ್ಕ ಸೀರೆಯಂತೆ ಹಿಂಡಿದ್ದವು. ನೀರು ಕಪ್ಪಗೆ, ಸದ್ದಿಲ್ಲದೆ, ಬಲು ಬೇಗ ಹೋಗುತ್ತಿತ್ತು.

"ಇಲ್ಲಿ ನನ್ನ ಸೇರಿಸಿ ನಾಕ ಮಂದಿ. ಹುಡುಗ ದಂಡಿಗುಂಟ ನಡಕೊಂಡು ಬರಲಿ" ಎಂದ ಅಂಬಿಗ. ನಾನು ಕೇಳದೆಯೇ ನನ್ನ ಹುಳಕ್ಕೆ ಅನ್ನ ಹಾಕಿದ.

ಅವರು ಹರಿಗೋಲು ಇಳಿಸಿ, ಜಾಗ ಸರಿಮಾಡಿಕೊಂಡು ಕೂರುವಷ್ಟರಲ್ಲಿ ನಾನು ಬಂಡೆಯಿಂದ ಬಂಡೆಗೆ ಹಾರುತ್ತ ಮುಂದೆ ಬಂದೆ. ಗಂಡಿಯ ಕೊನೆಗೆ ಬಂದಾಗ ಕಂಡಿತು. ಹೊಳೆ ಅಗಲವಾಗಿ ಒಂದು ನಿಂತ ಮಡು, ಅದರಾಚೆ ಬಿಳಿ ಮರಳು, ಹಸಿರು ಬಳ್ಳಿ, ಒಂದು ಗುಡಿಸಲು. ಬಳ್ಳಿಯ ನಡುವೆ ಬಗ್ಗಿದ ಒಂದು ಬೆನ್ನು. ನಾಲ್ಕು ವರ್ಷದಲ್ಲಿ ಆ ಬೆನ್ನು ಇನ್ನಷ್ಟು ಬಗ್ಗಿತ್ತು. ನಾನು ಈಚೆ ದಂಡೆಯ ಒಂದು ಬಂಡೆಯ ಸಂದಿಯಲ್ಲಿ ಅಡಗಿದೆ. ನನ್ನ ಉಪಾಯ ಹೀಗಿತ್ತು. ಇಲ್ಲಿಂದ ಕೂಗಿದರೆ ಎದುರು ಬಂಡೆಗೆ ಬಡಿದು ದನಿ ಆಚೆ ದಂಡೆಯದೇ ಆಗುತ್ತದೆ. ಮೂರು ಕೂಗಿಗೆ ಅಂಬಿಗ ತಿರುಗುತ್ತಾನೆ. ಅಪ್ಪ ಕರೆದ ಎಂದು ಅತ್ತಿಗೆ ಇಳಿಯುತ್ತಾಳೆ. ಮಗಳು ಇಳಿದ ಮೇಲೆ ಆತ ಬೇಡ ಅನ್ನಲಾರ. ಒಂದು ವರ್ಷ ನನ್ನ ದನಿಯನ್ನು ಬಗ್ಗಿ ಕೂತು ಕೇಳಿದವಳನ್ನೇ ಆ ದನಿಯಿಂದ ಮೋಸ ಮಾಡಬಹುದು ಅಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು?

ಹರಿಗೋಲು ಗಂಡಿಯ ನಡುವಿಗೆ ಬಂತು. ಬಾಯಿಗೆ ಎರಡೂ ಕೈ ಹಿಡಿದು ಕೂಗಿದೆ.

"ಏ ನಮ್ಮವ್ವಾ, ಬಾರಬೇ..."

ಎದುರು ಬಂಡೆ ಅದನ್ನು ಹಿಡಿದು ಆಚೆಯಿಂದ ಎಸೆಯಿತು. ಅಂಬಿಗ ತಲೆ ಎತ್ತಲಿಲ್ಲ. ಹೆಡ್ ಗುಮಾಸ್ತರು ಓಗೊಡಲು ಬಾಯಿ ತೆರೆದರು. ಅವರ ಹೆಂಡತಿ ಅದನ್ನು ಕೈಯಿಂದ ಮುಚ್ಚಿದರು. ಅತ್ತಿಗೆ ಮಾತ್ರ ಆಚೆ ದಂಡೆಯ ಕಡೆ ತಿರುಗಲೇ ಇಲ್ಲ. ನೇರವಾಗಿ, ನಾನು ಅಡಗಿದ್ದ ಸಂದಿಯ ಕಡೆ ನೋಡಿದಳು. ನೋಡಿ ಕಣ್ಣು ಕೆಳಗೆ ಹಾಕಿದಳು.

ಅಲ್ಲಿಗೆ ನನ್ನ ಉಪಾಯ ಮುಗಿದುಹೋಯಿತು. ಆದರೂ ಎರಡನೆಯದನ್ನು ಕೂಗಿದೆ. ಹಟಕ್ಕಲ್ಲ. ಹೊಳೆ ನಡುವೆ ಕೂತ ಅವಳಿಗೆ ಅಪ್ಪನ ದನಿಯಲ್ಲಿ ಅಷ್ಟಾದರೂ ಕೇಳಿಸಲಿ ಎಂದು. ಈ ಸಲ ಕೂಗು ಜೋರಾಗಿ ಹೋಯಿತು. ಬಳ್ಳಿಯ ನಡುವಿನ ಬೆನ್ನು ನೆಟ್ಟಗಾಯಿತು. ತನ್ನದೇ ದನಿ ಬಂಡೆಯಿಂದ ಬಂದು ತನ್ನ ಮಗಳನ್ನು ಕರೆಯುವುದನ್ನು ಆತ ಕೇಳಿದ. ಕಣ್ಣಿಗೆ ಕೈ ಅಡ್ಡ ಹಿಡಿದು ಹೊಳೆಯನ್ನು ನೋಡಿದ. ಹರಿಗೋಲಿನಲ್ಲಿ ಒಂದು ಹಸಿರು ಸೀರೆ ತಲೆ ತಗ್ಗಿಸಿಕೊಂಡು ಕೂತಿತ್ತು.

ಮೂರನೆಯದಕ್ಕೆ ನಾನು ಉಸಿರು ತೆಗೆದುಕೊಂಡೆ. ಊರೆಲ್ಲರ ದನಿ ಇದ್ದ ಗಂಟಲಲ್ಲಿ ಒಂದೂ ಉಳಿದಿರಲಿಲ್ಲ. ಹರಿಗೋಲು ಗಂಡಿ ದಾಟಿ ಮಡುವಿಗೆ ಬಂತು. ಇನ್ನು ನಾಲ್ಕು ಸುತ್ತು ಸುತ್ತಿದರೆ ಮರಳು ಹಿಂದೆ ಬೀಳುತ್ತಿತ್ತು.

"ಏ ನಮ್ಮವ್ವಾ..."

ಅದು ನಾನಲ್ಲ. ಬಂಡೆಯೂ ಅಲ್ಲ. ದನಿಯ ಕಸುಬಿನವನು ನಾನು, ಅ ಅಂದರೆ ಯಾರು ಅಂತ ಹೇಳಬಲ್ಲೆ. ನನ್ನ ಕೂಗುಗಳು ಹುಡುಗನ ಎದೆಯಿಂದ ಹೊರಟ ನುಣುಪು ಕೂಗುಗಳು. ಇದರಲ್ಲಿ ಬೀಡಿಯ ಕಫ ಇತ್ತು, ನಡುವೆ ಉಸಿರು ಕಡಿದಿತ್ತು, ಕೊನೆಗೆ ಬಾ ಅನ್ನುವ ಮಾತು ಹೊರಗೆ ಬರಲೇ ಇಲ್ಲ. ನಾನು ಅದೆಷ್ಟು ವರ್ಷ ಅಣಕಿಸಿದರೂ ಹಾಗೆ ಕೂಗಲಾರೆ.

ಅತ್ತಿಗೆ ತಟ್ಟನೆ ಆಚೆ ದಂಡೆಯ ಕಡೆ ತಿರುಗಿದಳು. ಅಂಬಿಗ ತಲೆ ಎತ್ತಿದ. ಮೂರನೇ ಕೂಗು ಬಂದಿತ್ತು. ಹುಟ್ಟು ನೀರಿಗೆ ಹಾಕಿ ಹರಿಗೋಲನ್ನು ಮರಳಿಗೆ ತಿರುಗಿಸಿದ.

ಇಷ್ಟು ಹೊತ್ತು ಬಾಯಿ ಆಡಿಸಿದವನು ನಾನು, ಕೊನೆಗೆ ತಪ್ಪು ದಂಡೆಯ ಮೇಲೆ ಕೋತಿಯಂತೆ ಕೂತಿದ್ದೆ. ಆದರೆ ನಿಂತ ಮಡುವಿನ ಮೇಲೆ ಮಾತು ಜಾರಿಕೊಂಡು ಬರುತ್ತದೆ. ಒಂದೊಂದು ಅಕ್ಷರವೂ ನನಗೆ ಕೇಳಿಸಿತು. ಹರಿಗೋಲು ಮರಳಿನ ಈಚೆಗೇ ತಳ ತಾಗಿ ನಿಂತಿತು. ಅತ್ತಿಗೆ ಇಳಿಯಲಿಲ್ಲ, ಕೂತೇ ಇದ್ದಳು. ಆತ ಹತ್ತು ಹೆಜ್ಜೆ ಬಂದು, ಬಳ್ಳಿಯ ಅಂಚಿನಲ್ಲಿ ನಿಂತ. ಇಬ್ಬರ ನಡುವೆ ಒಂದು ಮಾರು ನೀರು.

"ಯಾರಿಗೆ ಬೇಕಾಗಿತ್ತರಿ ಪುಟ್ಟಿ? ಕೂಗಿದ್ರಲ್ಲ" ಎಂದ ಅಂಬಿಗ.

ಆತ ಟವಲಿನಿಂದ ಮುಖ ಒರೆಸಿಕೊಂಡ. ಮಗಳನ್ನು ನೋಡಿದ, ಹೆಡ್ ಗುಮಾಸ್ತರ ಕೊಡೆಯನ್ನು ನೋಡಿದ, ಹೊಳೆಯನ್ನು ನೋಡಿದ. ನಾಲ್ಕು ವರ್ಷದ ಮಾತಿನ ಮೇಲೆ ಕುಳಿತವನು ಪರರ ಎದುರಿಗೆ ಹೇಗೆ ಏಳಬೇಕು?

"ನಾ ಕರದಿಲ್ಲ" ಅಂದ.

ನಾನು ಈಚೆಯಿಂದ ಎದ್ದು ನಿಂತೆ. ಮಾವಾ, ಕೂಗಿದ್ದು ನಾನು, ಎರಡೂ ನನ್ನವು, ಆದರೆ ಮೂರನೆಯದು ನಿನ್ನದು ಎಂದು ಕೂಗಿ ಹೇಳಬೇಕು ಎಂದು ಬಾಯಿ ತೆರೆದೆ. ನನ್ನ ನಾಲಿಗೆ ಒಮ್ಮೆ ಆ ಮನೆಯನ್ನು ಮುರಿದಿತ್ತು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಆತನನ್ನು ಸುಳ್ಳನನ್ನಾಗಿ ಮಾಡಿ ಇನ್ನೊಮ್ಮೆ ಮುರಿಯುತ್ತಿತ್ತು. ಅತ್ತಿಗೆ ಹಿಂದಿರುಗಿ ನೋಡದೆ, ನನ್ನ ಕಡೆಗೆ ಒಂದು ಕೈ ಎತ್ತಿದಳು. ನಾನು ಬಾಯಿ ಮುಚ್ಚಿದೆ.

ಆಕೆ ಆಗ ಆಡಿದ ಮಾತನ್ನು ಮೂರು ದಿನ ಬಿಟ್ಟು ಮನೆಗೆ ಬಂದು ನಮ್ಮಪ್ಪನ ಎದುರಿಗೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದಳು. ಅಪ್ಪ, ಕೈಕಾಲು ತೊಳಕೊಂಡು ಉಣ್ಣು ಹೋಗು ಅಂದ. ಅದರಲ್ಲಿ ಯಾರ ಮರ್ಯಾದೆ ಎಲ್ಲಿ ಮುಕ್ಕಾಗಿದೆ ಎಂದು ಹುಡುಕಿದರೂ ಇಬ್ಬರು ಹಿರಿಯರಿಗೂ ಸಿಗಲಿಲ್ಲ. ಆ ಶ್ರಾವಣದಲ್ಲಿ ಅತ್ತಿಗೆಯ ಅಪ್ಪ ಪಂಚಮಿಗೆ ಕರೆಯಲು ಬಂದಾಗ ಹಳೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಇಷ್ಟು ಜನರ ದನಿ ಕದ್ದ ನಾನು ಆ ಒಂದು ಮಾತನ್ನು ಮಾತ್ರ ಇವತ್ತಿನವರೆಗೆ ಅಣಕಿಸಿಲ್ಲ. ಹೇಗಿತ್ತೋ ಹಾಗೆ ಬರೆಯುತ್ತಿದ್ದೇನೆ.

ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿಕೊಂಡು ಆಕೆ ನೀರಿಗಿಳಿದಳು. ಆ ಒಂದು ಮಾರು ನೀರನ್ನು ದಾಟಿ, ಅಪ್ಪನ ಎದುರಿಗೆ ಮರಳಿನ ಮೇಲೆ ನಿಂತು ಹೇಳಿದಳು:

"ನೀ ಕರದಿಲ್ಲ, ನಾ ಬಂದಿಲ್ಲ. ಹೊಳಿ ತಂದು ಹಾಕೇತಿ. ಅವ್ವ ಎಲ್ಲಿ ಅದಾಳ ಹೇಳು."